ಬೆಳಕಿನ ನಾಲೆಗೆ ತೂಬು

ಮಳವಳ್ಳಿಯ ಕಡೆಯ ಒಂದು ಗ್ರಾಮ ಪಂಚಾಯತಿ ಕಚೇರಿಯನ್ನು ಮನಸ್ಸಿಗೆ ತಂದುಕೊಳ್ಳೋಣ. ಬೆಳಗಿನ ಹನ್ನೊಂದು ಗಂಟೆಯ ಹೊತ್ತು. ಜಗುಲಿಯ ಮೇಲೆ ಏಳೆಂಟು ಮಂದಿ ಕುಳಿತಿದ್ದಾರೆ. ಒಬ್ಬರಿಗೆ ಪಹಣಿ ಬೇಕು. ಇನ್ನೊಬ್ಬರಿಗೆ ಮಗಳ ಶಾಲೆಗಾಗಿ ಜಾತಿ ಪ್ರಮಾಣಪತ್ರ ಬೇಕು. ವೃದ್ಧೆಯೊಬ್ಬಳಿಗೆ ತನ್ನ ಪಿಂಚಣಿ ಏತಕ್ಕೆ ನಿಂತಿತೆಂಬುದು ತಿಳಿಯಬೇಕು. ಒಳಗೆ ಕಂಪ್ಯೂಟರಿನ ಮುಂದೆ ಕುಳಿತ ಹುಡುಗನು ತಲೆಯಾಡಿಸುತ್ತಾನೆ.

“ಸರ್ವರ್ ಇಲ್ಲ ಕಣಜ್ಜಿ, ನಾಳೆ ಬಾ.”

“ನಿನ್ನೇನೂ ಹಂಗೇ ಅಂದ್ಯಲ್ಲಪ್ಪ!”

ಈ ಮಾತುಕತೆಯನ್ನು ಕೇಳದ ಊರು ನಮ್ಮಲ್ಲಿ ವಿರಳ. ‘ಸರ್ವರ್ ಇಲ್ಲ’ ಎಂಬುದು ಇಂದು ಎಲ್ಲ ಅಡಚಣೆಗಳಿಗೂ ಹೇಳುವ ಒಂದೇ ಹೆಸರಾಗಿಬಿಟ್ಟಿದೆ. ಆದರೆ ಸರ್ವರೆಂಬ ಯಂತ್ರವು ಬಹುಮಟ್ಟಿಗೆ ದೂರದ ಯಾವುದೋ ನಗರದಲ್ಲಿ ಸುಖವಾಗಿಯೇ ಇರುತ್ತದೆ. ಕೆಟ್ಟಿರುವುದು ನಡುವಣ ದಾರಿ. ಆ ದಾರಿಯಾದರೂ ಯಾವಾಗಲೂ ಕಡಿದುಹೋಗಿರುವುದಿಲ್ಲ. ಗಾಜಿನ ಎಳೆ ಅಖಂಡವಾಗಿರುವುದುಂಟು, ಅದರಲ್ಲಿ ಬೆಳಕು ಹರಿಯುತ್ತಿರುವುದೂ ಉಂಟು. ಆದರೂ ಮಾಹಿತಿ ಮಾತ್ರ ಆಚೆಗೆ ಸಾಗದು. ಎಳೆಯ ಎರಡು ತುದಿಗಳಲ್ಲಿ ಕುಳಿತ ಯಂತ್ರಗಳು ಪರಸ್ಪರ ಒಪ್ಪಂದಕ್ಕೆ ಬಂದಿಲ್ಲದಿರುವುದೇ ಇದಕ್ಕೆ ಕಾರಣ. ಆ ಒಪ್ಪಂದವು ಯಾವುದು, ಅದನ್ನು ಯಾರು ಮಾಡಿಸಬೇಕು, ಅದು ತಪ್ಪಿದರೆ ಏನಾಗುವುದು ಎಂಬುದೇ ಈ ಲೇಖನದ ವಿಷಯ.

ಗಾಜಿನೊಳಗಣ ಪಯಣ

ಆಪ್ಟಿಕಲ್ ಫೈಬರ್ ಎಂದರೆ ಅತಿ ಶುದ್ಧವಾದ ಗಾಜಿನ ಎಳೆ. ದೂರದ ಊರುಗಳ ನಡುವೆ ಬಳಸುವ ಜಾತಿಯ ಎಳೆಯಲ್ಲಿ ಬೆಳಕು ಹರಿಯುವ ತಿರುಳಿನ ಅಡ್ಡಳತೆ ಸುಮಾರು 9 ಮೈಕ್ರೋಮೀಟರ್. ಎಂದರೆ ಒಂದು ಮಿಲಿಮೀಟರಿನಲ್ಲಿ ಇಂತಹ ನೂರಕ್ಕೂ ಹೆಚ್ಚು ತಿರುಳುಗಳನ್ನು ಒತ್ತಟ್ಟಿಗೆ ಜೋಡಿಸಬಹುದು. ಇದರ ಸುತ್ತ ಇನ್ನೊಂದು ಬಗೆಯ ಗಾಜಿನ ಕವಚವಿದ್ದು, ಎರಡೂ ಸೇರಿ 125 ಮೈಕ್ರೋಮೀಟರ್ ಆಗುತ್ತದೆ. ಒಳಗಿನ ಗಾಜಿನ ವಕ್ರೀಭವನ ಸೂಚ್ಯಂಕವು ಹೊರಗಿನದಕ್ಕಿಂತ ತುಸು ಹೆಚ್ಚು. ಆದಕಾರಣ ಓರೆಯಾಗಿ ಅಂಚಿಗೆ ಬಡಿದ ಬೆಳಕು ಹೊರಗೆ ಸೋರದೆ ಒಳಕ್ಕೇ ಮರಳುತ್ತದೆ. ದಡವಿರುವ ನಾಲೆಯಲ್ಲಿ ನೀರು ಹರಿಯುವಂತೆ ಎಳೆಯ ಉದ್ದಕ್ಕೂ ಸಾಗುತ್ತದೆ.

ಗಾಜಿನಲ್ಲಿ ಬೆಳಕನ್ನು ದೂರಕ್ಕೆ ಕಳುಹಿಸಬಹುದೆಂದು ಬಹುಕಾಲ ಯಾರೂ ನಂಬಿರಲಿಲ್ಲ. ಕಿಟಕಿಯ ಗಾಜನ್ನು ಅಂಚಿನ ಕಡೆಯಿಂದ ನೋಡಿದರೆ ಅದು ಹಸಿರಾಗಿ, ಮಬ್ಬಾಗಿ ಕಾಣುವುದಷ್ಟೆ. ಕೆಲವೇ ಅಡಿಗಳಲ್ಲಿ ಬೆಳಕು ಹೀರಿಹೋಗುವುದೆಂಬುದಕ್ಕೆ ಅದೇ ಸಾಕ್ಷಿ. 1966ರಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಎಂಬ ವಿಜ್ಞಾನಿಗಳು ದೋಷವು ಗಾಜಿನದಲ್ಲ, ಗಾಜಿನೊಳಗಣ ಕಲ್ಮಶದ್ದು ಎಂದು ತೋರಿಸಿದರು. ನಾಲ್ಕು ವರ್ಷಗಳ ತರುವಾಯ, 1970ರಲ್ಲಿ, ಅಮೆರಿಕದ ಕಾರ್ನಿಂಗ್ ಸಂಸ್ಥೆಯ ಸಂಶೋಧಕರು ಕಾವೊ ಗೊತ್ತುಮಾಡಿದ್ದ ಗುರಿಯನ್ನು ಮುಟ್ಟಿದ ಎಳೆಯನ್ನು ತಯಾರಿಸಿದರು. ಆ ಗುರಿಯೇನು ಗೊತ್ತೆ? ಒಂದು ಕಿಲೋಮೀಟರ್ ಸಾಗಿದ ಮೇಲೆ ನೂರರಲ್ಲಿ ಒಂದು ಪಾಲಾದರೂ ಬೆಳಕು ಉಳಿದಿರಬೇಕು, ಅಷ್ಟೆ! ಇಂದಿನ ಎಳೆಗಳಲ್ಲಿ ಅದೇ ಒಂದು ಕಿಲೋಮೀಟರಿನ ಕೊನೆಯಲ್ಲಿ ನೂರರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಪಾಲು ಉಳಿದಿರುತ್ತದೆ. ಕಾವೊ ಅವರಿಗೆ 2009ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು.

ಗಾಜಿಗೆ ಇನ್ನೊಂದು ಗುಣವಿದೆ. ಅದರಲ್ಲಿ ವಿದ್ಯುತ್ತು ಹರಿಯದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ 92 ಮೈಲಿಗಳ ದೂರ ವಿದ್ಯುತ್ತನ್ನು ಒಯ್ದ ತಂತಿಗಳ ಕಥೆಯನ್ನು ನಮ್ಮ ವಾಚಕರು ಬಲ್ಲರು. ಲೋಹದ ತಂತಿಗೆ ಆ ಸಾಮರ್ಥ್ಯವಿರುವುದರಿಂದಲೇ ಒಂದು ದೌರ್ಬಲ್ಯವೂ ಇದೆ. ಸುದ್ದಿಗಾಗಿ ಎಳೆದ ತಾಮ್ರದ ತಂತಿಯಲ್ಲಿ ಸುದ್ದಿಯೊಡನೆ ಸಿಡಿಲಿನ ಹೊಡೆತವೂ ಬಂದು ಯಂತ್ರಗಳನ್ನು ಸುಡಬಲ್ಲುದು. ಗಾಜಿನ ಎಳೆಗೆ ಈ ಭಯವಿಲ್ಲ. ಅದನ್ನು ಭಾರಿ ವಿದ್ಯುತ್ ಮಾರ್ಗಗಳ ಮಗ್ಗುಲಲ್ಲೇ ಒಯ್ದರೂ ಅದರೊಳಗಿನ ಸಂದೇಶ ಕಲಕುವುದಿಲ್ಲ. ಉಕ್ಕಿನ ಗೋಪುರಗಳ ನೆತ್ತಿಯ ಮೇಲೆ ಹಾದುಹೋಗುವ ಭೂತಂತಿಯ ಹೊಟ್ಟೆಯಲ್ಲಿಯೂ ಈಗ ಗಾಜಿನ ಎಳೆಗಳನ್ನು ಇರಿಸುವುದುಂಟು.

ಸ್ವಿಚ್ ಎಂಬ ನೀರುಗಂಟಿ

ನಾಲೆಯಿದ್ದರೆ ಸಾಲದು; ತೂಬು ಬೇಕು, ತೂಬನ್ನು ಎತ್ತಿ ಇಳಿಸುವ ನೀರುಗಂಟಿಯೂ ಬೇಕು. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮಂಡ್ಯದ ಸೀಮೆಗೆ ಬರುತ್ತದೆ. ಆದರೆ ಅದು ಯಾವ ಗದ್ದೆಗೆ, ಯಾವ ಹೊತ್ತಿಗೆ ಹೋಗಬೇಕೆಂಬುದನ್ನು ಗೊತ್ತುಮಾಡುವುದು ತೂಬು. ಮಾಹಿತಿಯ ಜಾಲದಲ್ಲಿ ಈ ಕೆಲಸವನ್ನು ಮಾಡುವ ಯಂತ್ರಕ್ಕೆ ಸ್ವಿಚ್ ಎಂದು ಹೆಸರು. ಇದು ಗೋಡೆಯ ಮೇಲೆ ದೀಪ ಹೊತ್ತಿಸುವ ಸ್ವಿಚ್ಚಲ್ಲ. ಚಪ್ಪಟೆಯಾದ ಲೋಹದ ಪೆಟ್ಟಿಗೆ. ಅದರ ಮುಖದ ಮೇಲೆ ಸಾಲಾಗಿ ಕಿಂಡಿಗಳು. ಈ ಕಿಂಡಿಗಳನ್ನು ಪೋರ್ಟ್ ಎನ್ನುತ್ತಾರೆ.

ಈಥರ್‌ನೆಟ್ ಎಂಬ ಪದ್ಧತಿಯನ್ನು 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ರೂಪಿಸಿದರು. ಡೇವಿಡ್ ಬಾಗ್ಸ್ ಅವರು ಅದನ್ನು ಕಟ್ಟುವುದರಲ್ಲಿ ಜೊತೆಗೂಡಿದರು. ಬೆಳಕು ಹರಡಲು ಆಕಾಶದಲ್ಲೆಲ್ಲ ‘ಈಥರ್’ ಎಂಬ ವಸ್ತುವು ತುಂಬಿದೆಯೆಂದು ಹಿಂದಿನ ಭೌತವಿಜ್ಞಾನಿಗಳು ಭಾವಿಸಿದ್ದರು. ಹೆಸರು ಬಂದುದು ಅಲ್ಲಿಂದ. ಆ ಈಥರ್ ಇಲ್ಲವೆಂದು ವಿಜ್ಞಾನವು ತೀರ್ಮಾನಿಸಿದರೂ ಅದರ ಹೆಸರು ಹೀಗೆ ಉಳಿದುಕೊಂಡಿತು. ಈ ಪದ್ಧತಿಯಲ್ಲಿ ಕಳುಹಿಸಬೇಕಾದ ಮಾಹಿತಿಯನ್ನು ಸಣ್ಣ ಸಣ್ಣ ಕಟ್ಟುಗಳಾಗಿ ಕಟ್ಟುತ್ತಾರೆ. ಪ್ರತಿಯೊಂದು ಕಟ್ಟಿನ ಮೇಲೂ ಅಂಚೆಯ ಲಕೋಟೆಯ ಮೇಲಿರುವಂತೆ ಯಾರಿಗೆ, ಯಾರಿಂದ ಎಂಬ ಎರಡು ವಿಳಾಸಗಳಿರುತ್ತವೆ. ಸ್ವಿಚ್ ಪ್ರತಿ ಕಟ್ಟಿನ ‘ಯಾರಿಂದ’ ಎಂಬುದನ್ನು ಓದಿ, ಆ ವಿಳಾಸದವರು ಯಾವ ಕಿಂಡಿಯ ಕಡೆ ಇದ್ದಾರೆಂದು ನೆನಪಿಟ್ಟುಕೊಳ್ಳುತ್ತದೆ. ಮುಂದೆ ಅವರಿಗೆ ಬಂದ ಕಟ್ಟನ್ನು ಆ ಕಿಂಡಿಗೆ ಮಾತ್ರ ಬಿಡುತ್ತದೆ. ಗೊತ್ತಿಲ್ಲದ ವಿಳಾಸವಾದರೆ ಉಳಿದೆಲ್ಲ ಕಿಂಡಿಗಳಿಗೂ ಹಂಚುತ್ತದೆ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಅದರಿಂದಲೇ ಒಂದು ಅನಾಹುತ ಹುಟ್ಟಲಿದೆ.

ಕಚೇರಿಯೊಳಗಿನ ಕಂಪ್ಯೂಟರುಗಳನ್ನು ತಾಮ್ರದ ತಂತಿಯಿಂದ ಸ್ವಿಚ್ಚಿಗೆ ಜೋಡಿಸುತ್ತಾರೆ. ಆದರೆ ಈಥರ್‌ನೆಟ್ಟಿನ ತಾಮ್ರದ ತಂತಿಗೆ ಸಾಮಾನ್ಯವಾಗಿ 100 ಮೀಟರಿನ ಮಿತಿಯುಂಟು. ಊರಿನಿಂದ ಊರಿಗೆ ಹೋಗಬೇಕಾದರೆ ಗಾಜೇ ಗತಿ. ಅದಕ್ಕಾಗಿ ಸ್ವಿಚ್ಚಿನ ಒಂದು ಕೊನೆಯಲ್ಲಿ ಒಂದೆರಡೋ ನಾಲ್ಕೋ ಖಾಲಿ ಗೂಡುಗಳಿರುತ್ತವೆ. ಬೆರಳುದ್ದದ ಒಂದು ಬಿಡಿಭಾಗವನ್ನು ಆ ಗೂಡಿಗೆ ತೂರಿಸಬೇಕು. ಅದರೊಳಗೆ ಲೇಸರ್ ದೀಪವೊಂದು, ಬೆಳಕನ್ನು ಗ್ರಹಿಸುವ ಕಣ್ಣೊಂದು. ಇದಕ್ಕೆ ಎಸ್‌ಎಫ್‌ಪಿ ಮಾಡ್ಯೂಲ್ ಎಂದು ಹೆಸರು. ದೀಪದಿಂದ ಹೊರಟ ಬೆಳಕು ಒಂದು ಎಳೆಯಲ್ಲಿ ಹೋಗುತ್ತದೆ; ಆ ಕಡೆಯಿಂದ ಬರುವ ಬೆಳಕು ಇನ್ನೊಂದು ಎಳೆಯಲ್ಲಿ ಬಂದು ಕಣ್ಣಿಗೆ ಬೀಳುತ್ತದೆ. ನಮ್ಮ ದೀಪದ ಎದುರಿಗೆ ಅವರ ಕಣ್ಣು, ಅವರ ದೀಪದ ಎದುರಿಗೆ ನಮ್ಮ ಕಣ್ಣು ಇರಬೇಕು. ದೀಪಕ್ಕೆ ದೀಪವೇ ಎದುರಾದರೆ ಎರಡೂ ಕುರುಡು. ಆಗ ಒಂದು ತುದಿಯಲ್ಲಿ ಎಳೆಗಳೆರಡನ್ನು ಅದಲುಬದಲು ಮಾಡಿದರೆ ಸಾಕು.

ಇಲ್ಲಿಯೇ ಒಂದು ಎಚ್ಚರಿಕೆ. ಈ ಬೆಳಕಿನ ತರಂಗದೂರ 850, 1310 ಅಥವಾ 1550 ನ್ಯಾನೋಮೀಟರ್. ನಮ್ಮ ಕಣ್ಣಿಗೆ ಕಾಣುವುದು ಸರಿಸುಮಾರು 400ರಿಂದ 700ರವರೆಗಿನದು ಮಾತ್ರ. ಕಾಣುವುದಿಲ್ಲವೆಂದು ಎಳೆಯ ತುದಿಗೆ ಕಣ್ಣಿಟ್ಟು ನೋಡಬಾರದು. ಕಾಣದ ಬೆಳಕೂ ಕಣ್ಣಿಗೆ ಅಪಾಯವನ್ನುಂಟುಮಾಡಬಲ್ಲುದು.

ಮಂಡ್ಯದಿಂದ ಮದ್ದೂರಿಗೆ: ಬೆಳಕಿನ ಜಮಾಖರ್ಚು

ಮಂಡ್ಯದಿಂದ ಮದ್ದೂರಿಗೆ ಸುಮಾರು 20 ಕಿಲೋಮೀಟರ್. ಮದ್ದೂರಿನಿಂದ ಮಳವಳ್ಳಿಗೆ ಸುಮಾರು 25. ಮಳವಳ್ಳಿಯಿಂದ ಮಂಡ್ಯಕ್ಕೆ ಸುಮಾರು 30. ಈ ಮೂರು ಊರುಗಳಲ್ಲಿ ಒಂದೊಂದು ಸ್ವಿಚ್ಚನ್ನಿಟ್ಟು ಗಾಜಿನ ಎಳೆಗಳಿಂದ ಜೋಡಿಸಬೇಕಾಗಿದೆಯೆಂದು ಭಾವಿಸೋಣ. ಮೊದಲು ಮಂಡ್ಯ–ಮದ್ದೂರು ಕೊಂಡಿ. ಯಾವ ಮಾಡ್ಯೂಲನ್ನು ಹಾಕಬೇಕು?

ಬೆಳಕಿನ ನಷ್ಟವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. 3 ಡೆಸಿಬೆಲ್ ನಷ್ಟವೆಂದರೆ ಬೆಳಕು ಅರ್ಧವಾಯಿತು. 10 ಎಂದರೆ ಹತ್ತರಲ್ಲೊಂದು ಪಾಲು. 20 ಎಂದರೆ ನೂರರಲ್ಲೊಂದು ಪಾಲು ಉಳಿಯಿತು. ಅನುಕೂಲವೇನೆಂದರೆ ಈ ಲೆಕ್ಕದಲ್ಲಿ ಗುಣಿಸಬೇಕಾಗಿಲ್ಲ, ಕೂಡಿದರೆ ಸಾಕು. ಮನೆಯ ಖರ್ಚನ್ನು ಬರೆದಂತೆ ಬರೆಯಬಹುದು.

1310 ನ್ಯಾನೋಮೀಟರಿನ ಬೆಳಕಿಗೆ ಕಿಲೋಮೀಟರಿಗೆ 0.35 ಡೆಸಿಬೆಲ್ ನಷ್ಟವೆಂದು ಹಿಡಿದರೆ 20 ಕಿಲೋಮೀಟರಿಗೆ 7 ಡೆಸಿಬೆಲ್. ಗಾಜಿನ ಕೇಬಲ್ ಸುರುಳಿಗಳಾಗಿ ಬರುವುದರಿಂದ ನಡುನಡುವೆ ಬೆಸುಗೆ ಹಾಕಬೇಕು; ಒಂದೊಂದು ಬೆಸುಗೆಗೆ 0.1ರಂತೆ ಹತ್ತು ಬೆಸುಗೆಗಳಿಗೆ 1 ಡೆಸಿಬೆಲ್. ಎರಡು ತುದಿಗಳ ಕನೆಕ್ಟರುಗಳು ನಾಲ್ಕು, ಒಂದಕ್ಕೆ 0.5ರಂತೆ 2 ಡೆಸಿಬೆಲ್. ಒಟ್ಟು ಖರ್ಚು 10 ಡೆಸಿಬೆಲ್ ಆಯಿತು. ಇನ್ನು ಎಳೆಗೆ ವಯಸ್ಸಾಗುವುದು, ರಸ್ತೆ ಅಗೆಯುವ ಜೆಸಿಬಿಗೆ ಸಿಕ್ಕಿ ಕಡಿದಾಗ ಹೊಸ ಬೆಸುಗೆಗಳು ಸೇರುವುದು ಖಂಡಿತ. ಅದಕ್ಕಾಗಿ 3 ಡೆಸಿಬೆಲ್ ತೆಗೆದಿಡಬೇಕು. ಹೀಗೆ 13 ಡೆಸಿಬೆಲ್ ಬೇಕಾಯಿತು.

ಈಗ ಜಮೆಯ ಕಡೆಯನ್ನು ನೋಡೋಣ. ಅಂಗಡಿಯಲ್ಲಿ ಸುಲಭವಾಗಿ ದೊರೆಯುವ 10 ಕಿಲೋಮೀಟರ್ ವರ್ಗದ ಗಿಗಾಬಿಟ್ ಮಾಡ್ಯೂಲಿನ ಬಂಡವಾಳ ಸುಮಾರು 10 ಡೆಸಿಬೆಲ್. ಎಳೆಯೆಲ್ಲ ಹೊಸದಾಗಿದ್ದ ದಿನ, ಕನೆಕ್ಟರುಗಳು ಶುಭ್ರವಾಗಿದ್ದಾಗ, ಇದು ಮದ್ದೂರನ್ನು ಮುಟ್ಟಿಬಿಡಬಹುದು. ಹಸಿರು ದೀಪ ಹೊತ್ತಿಕೊಂಡು, ಕೆಲಸ ಮುಗಿಯಿತೆಂದು ಎಲ್ಲರೂ ಮನೆಗೆ ಹೋಗಬಹುದು. ಆದರೆ ಕೈಯಲ್ಲಿ ಒಂದು ಕಾಸಿನ ಉಳಿತಾಯವೂ ಇಲ್ಲದ ಸಂಸಾರ ಎಷ್ಟು ದಿನ ನಡೆದೀತು? ಒಂದು ಬೆಸುಗೆ ಹೆಚ್ಚಾದೊಡನೆ ಕೊಂಡಿ ತಡವರಿಸತೊಡಗುತ್ತದೆ. ಒಮ್ಮೆ ಬಂದು ಒಮ್ಮೆ ಹೋಗುತ್ತದೆ. ಜಗುಲಿಯ ಮೇಲಿನ ಅಜ್ಜಿಗೆ ‘ನಾಳೆ ಬಾ’ ಎಂಬ ಉತ್ತರ ದೊರೆಯುವುದು ಇಂತಹ ದಿನಗಳಲ್ಲಿ. 40 ಕಿಲೋಮೀಟರ್ ವರ್ಗದ ಮಾಡ್ಯೂಲನ್ನು ಹಾಕಿದ್ದರೆ 18 ಡೆಸಿಬೆಲ್ಲಿನಷ್ಟು ಬಂಡವಾಳವಿರುತ್ತಿತ್ತು.

ಹಾಗಾದರೆ ಎಲ್ಲ ಕಡೆಯೂ 80 ಕಿಲೋಮೀಟರಿನ ಪ್ರಬಲ ಮಾಡ್ಯೂಲನ್ನೇ ಹಾಕಿಬಿಡಬಹುದಲ್ಲ ಎಂದು ಕೇಳಬಹುದು. ಅದೂ ತಪ್ಪು. ಒಂದೇ ಊರಿನ ಎರಡು ಕಟ್ಟಡಗಳ ನಡುವೆ ಅದನ್ನು ಹಾಕಿದರೆ, ಎದುರಿನ ಕಣ್ಣಿಗೆ ಮಧ್ಯಾಹ್ನದ ಸೂರ್ಯನನ್ನು ನೋಡಿದಂತಾಗಿ ಏನೂ ಕಾಣದಾಗುತ್ತದೆ. ಕೆಲವು ವೇಳೆ ಕಣ್ಣೇ ಕೆಡಬಹುದು. ಹಾಗೆ ಹಾಕಲೇಬೇಕಾದರೆ ನಡುವೆ ಬೆಳಕನ್ನು ಕುಗ್ಗಿಸುವ ಸಾಧನವೊಂದನ್ನು ಸೇರಿಸಬೇಕು. ಗದ್ದೆಗೆ ನೀರು ಕಡಿಮೆಯಾದರೂ ಪೈರು ಕೆಡುತ್ತದೆ, ಹೆಚ್ಚಾದರೂ ಕೆಡುತ್ತದೆ.

ಗಾಜಿನ ತುದಿ ಮಾತನಾಡಿಕೊಳ್ಳದು

ಬೆಳಕು ತಲಪಿತು. ಇನ್ನು ಒಪ್ಪಂದದ ಮಾತು. ತಾಮ್ರದ ತಂತಿಯನ್ನು ಕಿಂಡಿಗೆ ಚುಚ್ಚಿದೊಡನೆ ಎರಡು ಕಡೆಯ ಯಂತ್ರಗಳೂ ತಮ್ಮತಮ್ಮಲ್ಲಿ ವಿಚಾರಿಸಿಕೊಳ್ಳುತ್ತವೆ: ‘ನಿನಗೆ ಸೆಕೆಂಡಿಗೆ 10 ಮೆಗಾಬಿಟ್ ಬರುವುದೋ, 100 ಬರುವುದೋ, 1000 ಬರುವುದೋ?’ ಇಬ್ಬರಿಗೂ ಬರುವ ಅತ್ಯಧಿಕ ವೇಗವನ್ನು ಆರಿಸಿಕೊಳ್ಳುತ್ತವೆ. ಆಟೋ ನೆಗೋಶಿಯೇಶನ್ ಎಂಬ ಈ ಏರ್ಪಾಡು ನಮ್ಮನ್ನು ಸೋಮಾರಿಗಳನ್ನಾಗಿ ಮಾಡಿದೆ. ತಂತಿ ಚುಚ್ಚಿದರೆ ಕೆಲಸವಾಯಿತೆಂದು ನಾವು ನಂಬಿದ್ದೇವೆ.

ಗಾಜಿನ ಪೋರ್ಟುಗಳಲ್ಲಿ ಈ ಸೌಕರ್ಯವಿಲ್ಲ. 1998ರಲ್ಲಿ ಗೊತ್ತಾದ ಗಿಗಾಬಿಟ್ ಫೈಬರಿನ ನಿಯಮಗಳಲ್ಲಿ ಮಾತುಕತೆಯೇನೋ ಉಂಟು. ಆದರೆ ಅದು ವೇಗವನ್ನು ಕುರಿತದ್ದಲ್ಲ. ಲೇಸರ್ ದೀಪ ಮತ್ತು ಗ್ರಾಹಕ ಯಾವ ವೇಗಕ್ಕಾಗಿ ತಯಾರಾದುವೋ ಅದೇ ವೇಗ. 2002ರಲ್ಲಿ ಬಂದ 10 ಗಿಗಾಬಿಟ್ ಫೈಬರಿನಲ್ಲಿ ಆ ಮಾತುಕತೆಯೂ ಇಲ್ಲ. ಮೋಸಗೊಳಿಸುವ ಸಂಗತಿಯೆಂದರೆ, 1 ಗಿಗಾಬಿಟ್ಟಿನ ಮಾಡ್ಯೂಲೂ 10 ಗಿಗಾಬಿಟ್ಟಿನ ಮಾಡ್ಯೂಲೂ ಹೊರಗೆ ಒಂದೇ ಆಕಾರ, ಒಂದೇ ಅಳತೆ. ಗೂಡಿನೊಳಗೆ ಎರಡೂ ಸಲೀಸಾಗಿ ಕೂರುತ್ತವೆ. ಮಂಡ್ಯದಲ್ಲಿ 10 ಗಿಗಾಬಿಟ್ಟಿನ ಗೂಡಿಗೆ 1 ಗಿಗಾಬಿಟ್ಟಿನ ಮಾಡ್ಯೂಲನ್ನು ತೂರಿಸಿದಾಗ, ಎಷ್ಟೋ ಸ್ವಿಚ್ಚುಗಳಲ್ಲಿ ‘ಈ ಪೋರ್ಟಿನ ವೇಗ 1 ಗಿಗಾಬಿಟ್’ ಎಂದು ಮನುಷ್ಯನೇ ಆಜ್ಞೆ ಬರೆದು ತಿಳಿಸಬೇಕು. ತಿಳಿಸದಿದ್ದರೆ ಬೆಳಕು ಇತ್ತಿಂದತ್ತ ಹರಿಯುತ್ತಲೇ ಇರುತ್ತದೆ, ದೀಪ ಮಾತ್ರ ಹೊತ್ತದು. ವೇಗವಾಗಿ ಮಾತನಾಡುವವನ ಎದುರು ನಿಧಾನವಾಗಿ ಕೇಳುವವನನ್ನು ಕೂರಿಸಿದಂತೆ.

ತರಂಗದೂರವೂ ಹೊಂದಬೇಕು. 1310ರ ದೀಪವನ್ನು ಮಂಡ್ಯದಲ್ಲಿಟ್ಟು, 850ರ ಅಗಲ ತಿರುಳಿನ ಎಳೆಗಾಗಿ ಮಾಡಿದ ಮಾಡ್ಯೂಲನ್ನು ಮದ್ದೂರಿನಲ್ಲಿಟ್ಟರೆ ಫಲವಿಲ್ಲ. ಎರಡರ ಬದಲು ಒಂದೇ ಎಳೆಯಲ್ಲಿ ಹೋಗುವ ಮತ್ತು ಬರುವ ಬೆಳಕುಗಳನ್ನು ಬೇರೆ ಬೇರೆ ತರಂಗದೂರಗಳಲ್ಲಿ ಕಳುಹಿಸುವ ಮಾಡ್ಯೂಲುಗಳೂ ಇವೆ. ಅವು ಬೀಗ ಮತ್ತು ಕೀಲಿಕೈಯಂತೆ ಜೋಡಿಗಳು. ಒಂದು ತುದಿಯದು 1310ರಲ್ಲಿ ಕಳುಹಿಸಿ 1550ರಲ್ಲಿ ಕೇಳುವುದಾದರೆ, ಇನ್ನೊಂದು ತುದಿಯದು 1550ರಲ್ಲಿ ಕಳುಹಿಸಿ 1310ರಲ್ಲಿ ಕೇಳುವಂಥದಾಗಿರಬೇಕು. ಒಂದೇ ಬಗೆಯ ಎರಡನ್ನು ತಂದವನು ಎರಡು ಬೀಗಗಳನ್ನು ತಂದಂತಾಯಿತು.

ಇನ್ನೊಂದು ಒಪ್ಪಂದ ಕಟ್ಟುಗಳ ಗುರುತಿನದು. ಒಂದೇ ಎಳೆಯಲ್ಲಿ ಖಜಾನೆಯ ಲೆಕ್ಕ, ಆಸ್ಪತ್ರೆಯ ಕಡತ, ಶಾಲೆಯ ಪಾಠ ಎಲ್ಲವೂ ಹೋಗಬಹುದು. ಅವು ಒಂದರೊಡನೊಂದು ಬೆರೆಯದಂತೆ ಪ್ರತಿ ಗುಂಪಿಗೂ 1ರಿಂದ 4094ರವರೆಗಿನ ಒಂದು ಸಂಖ್ಯೆಯನ್ನು ಕೊಡುತ್ತಾರೆ. ಇಂತಹ ಗುಂಪಿಗೆ ವಿಎಲ್‌ಎಎನ್ ಎಂದು ಹೆಸರು. ಮಂಡ್ಯದ ಪೋರ್ಟಿನಲ್ಲಿ 20ನೆಯ ಗುಂಪನ್ನು ಬಿಟ್ಟಿದ್ದು ಮದ್ದೂರಿನ ಪೋರ್ಟಿನಲ್ಲಿ ಅದನ್ನು ಸೇರಿಸಲು ಮರೆತರೆ, ದೀಪ ಹಸಿರಾಗಿಯೇ ಇರುತ್ತದೆ. ಉಳಿದವರ ಕೆಲಸವೆಲ್ಲ ನಡೆಯುತ್ತದೆ. 20ನೆಯ ಗುಂಪಿನವರಿಗೆ ಮಾತ್ರ ಎಲ್ಲವೂ ನಿಂತಿರುತ್ತದೆ. ಹಸಿರು ದೀಪವು ಬೆಳಕು ಬಂದಿತೆಂಬುದಕ್ಕೆ ಸಾಕ್ಷಿಯೇ ಹೊರತು ಕೆಲಸವಾಯಿತೆಂಬುದಕ್ಕಲ್ಲ.

ಮಾತನಾಡುವವನಿಗೆ ಕಿವಿ ಕೇಳಿಸದಿದ್ದರೆ

ಎಲ್ಲಕ್ಕಿಂತ ಅಪಾಯಕರವಾದುದು ಅರೆಜೀವದ ಕೊಂಡಿ. ಹೋಗುವ ಎಳೆ ಮತ್ತು ಬರುವ ಎಳೆ ಬೇರೆ ಬೇರೆಯಾದುದರಿಂದ ಒಂದು ಮಾತ್ರ ಕೆಡುವುದು ಸಾಧ್ಯ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಎಳೆ ಮುರಿಯಿತೆನ್ನೋಣ. ಮಳವಳ್ಳಿಯಿಂದ ಬರುವ ಎಳೆ ಸರಿಯಾಗಿದೆ. ಮಳವಳ್ಳಿಯ ಕಣ್ಣಿಗೆ ಕತ್ತಲೆ ಕವಿದು ಅದರ ಪೋರ್ಟ್ ಮುಚ್ಚಿಕೊಳ್ಳುತ್ತದೆ. ಆದರೆ ಅಲ್ಲಿನ ಲೇಸರ್ ದೀಪ ಇನ್ನೂ ಉರಿಯುತ್ತಿದ್ದರೆ ಮದ್ದೂರಿಗೆ ಬೆಳಕು ಕಾಣುತ್ತಲೇ ಇರುತ್ತದೆ. ‘ಎಲ್ಲವೂ ಕ್ಷೇಮ’ ಎಂದುಕೊಂಡು ಅದು ಕಟ್ಟಿನ ಮೇಲೆ ಕಟ್ಟನ್ನು ಮುರಿದ ಎಳೆಗೆ ಸುರಿಯುತ್ತದೆ. ಅಷ್ಟೂ ಮಣ್ಣುಪಾಲು.

ಈಗಾಗಲೇ ಹೇಳಿದ ಗಿಗಾಬಿಟ್ ಮಾತುಕತೆಯ ಬೆಲೆ ಗೊತ್ತಾಗುವುದು ಇಲ್ಲಿ. ವೇಗವನ್ನು ಗೊತ್ತುಮಾಡದಿದ್ದರೂ ಅದು ಒಂದು ಸುದ್ದಿಯನ್ನು ತಲಪಿಸುತ್ತದೆ: ‘ನಿನ್ನ ಬೆಳಕು ನನಗೆ ಕಾಣುತ್ತಿಲ್ಲ.’ ಆ ಸುದ್ದಿ ಕೇಳಿದೊಡನೆ ಎರಡೂ ಕಡೆಯವು ಪೋರ್ಟನ್ನು ಮುಚ್ಚುತ್ತವೆ, ಕಟ್ಟುಗಳು ಬೇರೆ ದಾರಿಯನ್ನು ಹುಡುಕುತ್ತವೆ. ಕೊಂಡಿ ಏಳದಿದ್ದಾಗ ಬೇಸತ್ತ ಕೆಲಸಗಾರನು ಒಂದು ತುದಿಯಲ್ಲಿ ಈ ಮಾತುಕತೆಯನ್ನು ಆಜ್ಞೆಯಿಂದ ನಿಲ್ಲಿಸಿಬಿಡುವುದುಂಟು. ಒಂದು ಕಡೆ ನಿಲ್ಲಿಸಿ ಇನ್ನೊಂದು ಕಡೆ ಬಿಟ್ಟರೆ, ನಿಲ್ಲಿಸಿದ ಕಡೆಯಲ್ಲಿ ಹಸಿರು ದೀಪ, ಬಿಟ್ಟ ಕಡೆಯಲ್ಲಿ ಕತ್ತಲೆ. ಆಗ ಮದ್ದೂರಿನವರು ‘ನಮ್ಮಲ್ಲಿ ಸರಿಯಾಗಿದೆ, ದೋಷ ನಿಮ್ಮದು’ ಎನ್ನುತ್ತಾರೆ. ಮಳವಳ್ಳಿಯವರು ದೋಷವಿಲ್ಲದ ತಮ್ಮ ಯಂತ್ರವನ್ನು ಬಿಚ್ಚಿ ಕೂರುತ್ತಾರೆ. ಇದರಲ್ಲಿ ನೀತಿಯೊಂದೇ: ಎರಡು ತುದಿಗಳಲ್ಲಿಯೂ ಒಂದೇ ವ್ಯವಸ್ಥೆಯಿರಬೇಕು, ಸಾಧ್ಯವಿರುವ ಕಡೆಯಲ್ಲೆಲ್ಲ ಮಾತುಕತೆಯನ್ನು ನಿಲ್ಲಿಸಬಾರದು. 10 ಗಿಗಾಬಿಟ್ಟಿನ ಕೊಂಡಿಗಳಲ್ಲಿ ‘ಕಾಣುತ್ತಿಲ್ಲ’ ಎಂಬ ಸೂಚನೆಗೆ ಬೇರೆಯದೇ ಒಂದು ಏರ್ಪಾಡಿದೆ.

ಮೂರೂರ ಸುತ್ತಿನ ಬಿರುಗಾಳಿ

ಈಗ ನಮ್ಮ ತ್ರಿಕೋನವನ್ನು ಪೂರ್ಣಗೊಳಿಸೋಣ. ಮಂಡ್ಯ–ಮದ್ದೂರು, ಮದ್ದೂರು–ಮಳವಳ್ಳಿ, ಮಳವಳ್ಳಿ–ಮಂಡ್ಯ ಎಂದು ಮೂರು ಕೊಂಡಿಗಳು. ಒಂದು ಕಡಿದರೆ ಇನ್ನೊಂದು ಸುತ್ತಿನಿಂದ ಹೋಗಬಹುದೆಂಬುದೇ ಇದರ ಉದ್ದೇಶ. ಆದರೆ ಸ್ವಿಚ್ಚು ಗೊತ್ತಿಲ್ಲದ ವಿಳಾಸದ ಕಟ್ಟನ್ನು ಎಲ್ಲ ಕಿಂಡಿಗಳಿಗೂ ಹಂಚುತ್ತದೆಂದು ಮೊದಲೇ ಹೇಳಿದೆಯಷ್ಟೆ. ಎಲ್ಲರಿಗೂ ಎಂದು ಬರೆದ ಕಟ್ಟುಗಳನ್ನೂ ಅದು ಹೀಗೆಯೇ ಹಂಚುತ್ತದೆ. ಮಂಡ್ಯವು ಮದ್ದೂರಿಗೆ ಕೊಟ್ಟಿತು; ಮದ್ದೂರು ಮಳವಳ್ಳಿಗೆ ಕೊಟ್ಟಿತು; ಮಳವಳ್ಳಿ ಮತ್ತೆ ಮಂಡ್ಯಕ್ಕೆ ಕೊಟ್ಟಿತು! ಈಥರ್‌ನೆಟ್ಟಿನ ಕಟ್ಟಿಗೆ ವಯಸ್ಸಿಲ್ಲ. ‘ಇಷ್ಟು ಊರು ಸುತ್ತಿದ ಮೇಲೆ ಸಾಯತಕ್ಕದ್ದು’ ಎಂಬ ಗುರುತು ಅದರ ಮೇಲಿರುವುದಿಲ್ಲ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. 75 ಕಿಲೋಮೀಟರಿನ ಈ ಸುತ್ತನ್ನು ಒಂದು ಸೆಕೆಂಡಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಾರಿ ಸುತ್ತಬಲ್ಲುದು. ಪ್ರತಿ ಸುತ್ತಿನಲ್ಲಿಯೂ ಪ್ರತಿಗಳನ್ನು ಎಲ್ಲ ಕಿಂಡಿಗಳಿಗೂ ಹಂಚುತ್ತ ಹೋಗುತ್ತದೆ. ಕ್ಷಣಮಾತ್ರದಲ್ಲಿ ದಾರಿಯೆಲ್ಲ ತುಂಬಿ, ಮೂರು ತಾಲ್ಲೂಕಿನ ಕಚೇರಿಗಳೂ ಒಟ್ಟಿಗೇ ಸ್ತಬ್ಧವಾಗುತ್ತವೆ.

ಇದಕ್ಕೆ ಪರಿಹಾರವನ್ನು 1985ರಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ, ಡಿಜಿಟಲ್ ಈಕ್ವಿಪ್‌ಮೆಂಟ್ ಎಂಬ ಸಂಸ್ಥೆಯಲ್ಲಿದ್ದಾಗ ಕಂಡುಹಿಡಿದರು. ಸ್ವಿಚ್ಚುಗಳು ತಮ್ಮಲ್ಲಿ ಒಂದನ್ನು ಯಜಮಾನನನ್ನಾಗಿ ಆರಿಸಿಕೊಂಡು, ಅಲ್ಲಿಂದ ಕವಲೊಡೆಯುವ ಮರದಂತೆ ದಾರಿಗಳನ್ನು ಇಟ್ಟುಕೊಳ್ಳುತ್ತವೆ. ಸುತ್ತನ್ನು ಉಂಟುಮಾಡುವ ಒಂದು ಪೋರ್ಟನ್ನು ತಡೆದಿಡುತ್ತವೆ. ಮಂಡ್ಯವು ಯಜಮಾನನಾದರೆ ಮದ್ದೂರು–ಮಳವಳ್ಳಿ ಕೊಂಡಿಯ ಒಂದು ತುದಿಯಲ್ಲಿ ತೂಬು ಇಳಿಯುತ್ತದೆ. ಪ್ರತಿ ಎರಡು ಸೆಕೆಂಡಿಗೊಮ್ಮೆ ಬರುವ ಸಣ್ಣ ಸಂದೇಶವನ್ನು ಆ ತುದಿ ಕೇಳುತ್ತಿರುತ್ತದೆ. ಸಂದೇಶ ನಿಂತರೆ, ದಾರಿ ಕಡಿದಿದೆಯೆಂದು ತಿಳಿದು ತೂಬನ್ನು ಎತ್ತುತ್ತದೆ.

ಅರೆಜೀವದ ಕೊಂಡಿಯ ಅಪಾಯ ಇನ್ನೊಮ್ಮೆ ಎದುರಾಗುವುದು ಇಲ್ಲಿಯೇ. ನಡುವೆ ಬೆಳಕನ್ನು ಮತ್ತೆ ಹೊಸದಾಗಿ ಹೊತ್ತಿಸಿ ಕಳುಹಿಸುವ ಪರಿವರ್ತಕ ಯಂತ್ರಗಳಿದ್ದರೆ, ಅಥವಾ ಎಳೆಗಳನ್ನು ತಪ್ಪಾಗಿ ಜೋಡಿಸಿದ್ದರೆ, ಪೋರ್ಟಿಗೆ ಬೆಳಕು ಕಾಣುತ್ತಿದ್ದೂ ಸಂದೇಶ ಮಾತ್ರ ಬಾರದಿರಬಹುದು. ತಡೆದಿಟ್ಟ ತುದಿಯು ದಾರಿ ಕಡಿಯಿತೆಂದು ಭ್ರಮಿಸಿ ತೂಬನ್ನು ಎತ್ತುತ್ತದೆ. ನಿಜವಾಗಿ ಕಡಿದಿರುವುದು ಒಂದು ದಿಕ್ಕು ಮಾತ್ರ. ಬಿರುಗಾಳಿ ಏಳುತ್ತದೆ. ಆದ್ದರಿಂದ ಗಾಜಿನ ಪೋರ್ಟುಗಳಿಗೆ ಮತ್ತೊಂದು ಕಾವಲನ್ನು ಹಾಕುವ ರೂಢಿಯಿದೆ. ಪ್ರತಿ ಪೋರ್ಟೂ ತನ್ನ ಹೆಸರನ್ನೂ ತಾನು ಕೇಳಿದ ಎದುರಿನವರ ಹೆಸರನ್ನೂ ಕೂಡಿಸಿ ಹೇಳುತ್ತಿರುತ್ತದೆ. ಎದುರಿನವರ ಮಾತಿನಲ್ಲಿ ತನ್ನ ಹೆಸರು ಕೇಳಿಬರದಿದ್ದರೆ, ‘ನನ್ನ ಮಾತು ಅವರಿಗೆ ಮುಟ್ಟುತ್ತಿಲ್ಲ’ ಎಂದರಿತು ಪೋರ್ಟನ್ನು ಮುಚ್ಚುತ್ತದೆ.

ಪಂಚಾಯತಿಯ ಬಾಗಿಲಿಗೆ

ಇದೆಲ್ಲವೂ ಪಂಚಾಯತಿಗೇಕೆ ಎಂದರೆ, ಗ್ರಾಮ ಪಂಚಾಯತಿಗಳಿಗೆ ಗಾಜಿನ ಎಳೆಯನ್ನು ಮುಟ್ಟಿಸುವ ಕೇಂದ್ರ ಸರ್ಕಾರದ ಯೋಜನೆಗೆ 2011ರಲ್ಲಿ ಮಂಜೂರಾತಿ ದೊರೆಯಿತು. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂಬ ಹೆಸರಾಯಿತು. ಅದರ ಮೊದಲ ಹಂತದಲ್ಲಿ ಅನುಸರಿಸಿದ ಕ್ರಮ ಈಥರ್‌ನೆಟ್ ಸ್ವಿಚ್ಚಿನದಲ್ಲ, ಜಿಪಾನ್ ಎಂಬುದು. ತಾಲ್ಲೂಕು ಕೇಂದ್ರದಿಂದ ಹೊರಟ ಒಂದೇ ಎಳೆಯ ಬೆಳಕನ್ನು, ವಿದ್ಯುತ್ತೇ ಬೇಡದ ಗಾಜಿನ ಕವಲುಗಳಿಂದ ಹಲವು ಪಂಚಾಯತಿಗಳಿಗೆ ಹಂಚುವುದು. ಬಾಗಿಲಿಲ್ಲದ ಕವಲುಗಾಲುವೆಯಂತೆ ಇದು ಅಗ್ಗ, ಸರಳ. ಆದರೆ ಎರಡಾಗಿ ಸೀಳಿದಾಗಲೆಲ್ಲ 3 ಡೆಸಿಬೆಲ್ ಕಳೆಯುತ್ತದೆ. ಬುಡದ ಎಳೆ ಕಡಿದರೆ ಅದರ ಮೇಲಣ ಪಂಚಾಯತಿಗಳೆಲ್ಲ ಒಟ್ಟಿಗೇ ಕತ್ತಲಾಗುತ್ತವೆ.

2023ರ ಆಗಸ್ಟಿನಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿದ ಪರಿಷ್ಕೃತ ಯೋಜನೆಯಲ್ಲಿ ಈ ಕ್ರಮವನ್ನು ಬದಲಿಸಿ, ತಾಲ್ಲೂಕು ಕೇಂದ್ರ ಮತ್ತು ಪಂಚಾಯತಿಗಳನ್ನು ಉಂಗುರದಂತೆ ಜೋಡಿಸಬೇಕೆಂದು ಗೊತ್ತುಮಾಡಿದ್ದಾರೆ. ಉಂಗುರದಲ್ಲಿರುವ ಪಂಚಾಯತಿಗೆ ಎರಡು ಕಡೆಯಿಂದ ಎಳೆ. ಒಂದು ಕಡಿದರೂ ಇನ್ನೊಂದು ಇದೆ. ಅಲ್ಲಿ ಕೂರುವುದು ಸ್ವಿಚ್ಚಿಗಿಂತ ಬುದ್ಧಿವಂತವಾದ ರೌಟರ್. ಮೇಲೆ ಹೇಳಿದ ಬಿರುಗಾಳಿಯನ್ನು ಅದು ಬೇರೆ ಉಪಾಯದಿಂದ ತಪ್ಪಿಸುತ್ತದೆ. ಆದರೂ ಅದರ ಗಾಜಿನ ಪೋರ್ಟುಗಳಿಗೂ ಬೆಳಕಿನ ಜಮಾಖರ್ಚು, ವೇಗ, ತರಂಗದೂರ, ಎರಡು ತುದಿಗಳ ಒಪ್ಪಂದ ಎಂಬ ನಿಯಮಗಳು ತಪ್ಪಿದ್ದಲ್ಲ. ಉಂಗುರವಾದೊಡನೆ ಪ್ರತಿ ಪಂಚಾಯತಿಗೂ ಎರಡು ಕೊಂಡಿ. ಒಪ್ಪಂದಗಳ ಸಂಖ್ಯೆಯೂ ಅದಕ್ಕೆ ತಕ್ಕಂತೆ ಏರುವುದು.

ಮೇಲಾಗಿ ಉಂಗುರದಲ್ಲಿ ಒಂದು ಮೋಸವಿದೆ. ಒಂದು ಪಕ್ಕದ ಪೋರ್ಟ್ ತಪ್ಪು ವ್ಯವಸ್ಥೆಯಿಂದ ತಿಂಗಳುಗಟ್ಟಲೆ ಕೆಟ್ಟಿದ್ದರೂ ಯಾರಿಗೂ ತಿಳಿಯುವುದಿಲ್ಲ. ಇನ್ನೊಂದು ಪಕ್ಕದಿಂದ ಕೆಲಸ ನಡೆಯುತ್ತಿರುತ್ತದೆ. ಅದೂ ಕಡಿದ ದಿನ, ಇದೆಯೆಂದು ನಂಬಿದ್ದ ಆಸರೆ ಇರಲೇ ಇಲ್ಲವೆಂಬುದು ಬಯಲಾಗುತ್ತದೆ. ಆದುದರಿಂದ ಒಳ್ಳೆಯ ಕೆಲಸಗಾರನು ಹಸಿರು ದೀಪವನ್ನು ನೋಡಿ ಎದ್ದುಬರುವುದಿಲ್ಲ. ಅವನು ಮೊದಲು ಕನೆಕ್ಟರಿನ ಮುಖವನ್ನು ಒರಸುತ್ತಾನೆ. 9 ಮೈಕ್ರೋಮೀಟರಿನ ಬಾಗಿಲಿಗೆ ಒಂದು ಧೂಳಿನ ಕಣವೇ ಬಂಡೆ. ಮಾಡ್ಯೂಲುಗಳ ಮೇಲಿನ ಬರಹವನ್ನು ಎರಡೂ ತುದಿಗಳಲ್ಲಿ ಹೋಲಿಸುತ್ತಾನೆ. ವೇಗ, ಮಾತುಕತೆ, ಗುಂಪುಗಳ ಪಟ್ಟಿ ಇವನ್ನು ಎರಡೂ ಕಡೆ ಒಂದೇ ಆಗಿ ಬರೆಯುತ್ತಾನೆ. ಪೋರ್ಟಿಗೆ ‘ಮದ್ದೂರಿಗೆ, 7ನೆಯ ಎಳೆ’ ಎಂಬಂತೆ ಹೆಸರಿಡುತ್ತಾನೆ. ಬರುತ್ತಿರುವ ಬೆಳಕು ಎಷ್ಟೆಂಬುದನ್ನು ಇಂದಿನ ಅನೇಕ ಮಾಡ್ಯೂಲುಗಳು ತಾವೇ ಅಳೆದು ಹೇಳುತ್ತವೆ. ಅದನ್ನು ದಿನಾಂಕದೊಡನೆ ಪುಸ್ತಕದಲ್ಲಿ ಗುರುತಿಸುತ್ತಾನೆ. ಆರು ತಿಂಗಳ ತರುವಾಯ ಅದು 3 ಡೆಸಿಬೆಲ್ ಇಳಿದಿದ್ದರೆ, ಕೊಂಡಿ ಕೆಡುವ ಮುನ್ನವೇ ಕೇಡು ತಿಳಿಯುವುದು. ಬಳಿಕ ಬೇಕೆಂದೇ ಒಂದು ಎಳೆಯನ್ನು ಕಿತ್ತು, ಎರಡು ತುದಿಗಳೂ ಅದನ್ನು ಗಮನಿಸುತ್ತವೆಯೇ, ಕಟ್ಟುಗಳು ಇನ್ನೊಂದು ದಾರಿಯನ್ನು ಹಿಡಿಯುತ್ತವೆಯೇ ಎಂದು ಪರೀಕ್ಷಿಸುತ್ತಾನೆ. ಕೊನೆಗೆ ಬರೆದ ಆಜ್ಞೆಗಳನ್ನು ಯಂತ್ರದ ಕಾಯಂ ನೆನಪಿಗೆ ಸೇರಿಸುತ್ತಾನೆ. ಹಲವು ಸ್ವಿಚ್ಚುಗಳಲ್ಲಿ ಇದನ್ನು ಬೇರೆಯಾಗಿಯೇ ಮಾಡಬೇಕು. ಮರೆತರೆ ಕರೆಂಟು ಹೋಗಿ ಬಂದೊಡನೆ ದಿನವಿಡೀ ಮಾಡಿದ ಕೆಲಸವೆಲ್ಲ ಅಳಿಸಿಹೋಗುತ್ತದೆ. ನಮ್ಮ ಹಳ್ಳಿಗಳಲ್ಲಿ ಕರೆಂಟು ಹೋಗುವುದಕ್ಕೆ ಬಹಳ ದಿನ ಕಾಯಬೇಕಾಗಿಲ್ಲ.

ಇವುಗಳಲ್ಲಿ ಯಾವುದೂ ದೊಡ್ಡ ವಿದ್ಯೆಯಲ್ಲ. ನಮ್ಮ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಓದಿದ ತರುಣ ತರುಣಿಯರು ಕೆಲವೇ ವಾರಗಳಲ್ಲಿ ಕಲಿಯಬಹುದಾದದ್ದು. ಬೇಕಾಗಿರುವುದು ಎಚ್ಚರ, ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ, ಮತ್ತು ‘ನನ್ನ ತುದಿ ಸರಿಯಾಗಿದೆ’ ಎಂಬಲ್ಲಿಗೆ ನಿಲ್ಲದೆ ಇನ್ನೊಂದು ತುದಿಯವರನ್ನು ಕೇಳುವ ಸೌಜನ್ಯ.

ನಾಲೆಯ ಕೊನೆಯ ಭಾಗದ ಕಷ್ಟವನ್ನು ಮದ್ದೂರು ಮಳವಳ್ಳಿಗಳ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲೆ ಅಣೆಕಟ್ಟು ತುಂಬಿದ್ದರೂ ಕೊನೆಯ ಗದ್ದೆಗೆ ನೀರು ಬಾರದಿದ್ದರೆ ಆ ತುಂಬಿದ ನೀರಿನಿಂದ ಅವರಿಗೇನು? ಬೆಳಕಿನ ನಾಲೆಯ ಮಾತೂ ಅಷ್ಟೆ. ಎಷ್ಟು ಸಾವಿರ ಮೈಲಿ ಎಳೆ ಹೂತೆವೆಂಬ ಲೆಕ್ಕ ರಾಜಧಾನಿಯಲ್ಲಿ ಚೆನ್ನಾಗಿ ಕಾಣಬಹುದು. ಪಂಚಾಯತಿಯ ಜಗುಲಿಯ ಮೇಲೆ ಕುಳಿತ ಅಜ್ಜಿಗೆ ಲೆಕ್ಕ ಒಂದೇ: ಇಂದು ಬಂದವಳು ಇಂದೇ ಕೆಲಸ ಮುಗಿಸಿಕೊಂಡು ಮನೆಗೆ ಹೋದಳೆ, ಇಲ್ಲವೆ? ಅದನ್ನು ತೀರ್ಮಾನಿಸುವುದು ಆ ಎಳೆಯ ತುದಿಯಲ್ಲಿರುವ ಬೆರಳುದ್ದದ ತೂಬು, ಮತ್ತು ಅದನ್ನು ಸರಿಯಾಗಿ ಎತ್ತಿಟ್ಟ ಕೈ.